ಇಸಾಬೆಲ್ಲಾ ಅವರ ಮೊಣಕಾಲು

ನನಗೆ ಬರೋಕ್ ಎಂದರೆ, ಯುರೋಪಿನ ಆ ಅತಿ ಅಲಂಕಾರದ ಕಟ್ಟಡ ಶೈಲಿ ಎಂದರೆ, ಆಗುವುದಿಲ್ಲ. ಹೋಳಿಗೆಯ ಮೇಲೆ ತುಪ್ಪ ಸರಿ. ತುಪ್ಪದ ಮೇಲೆ ಸಕ್ಕರೆ, ಸಕ್ಕರೆಯ ಮೇಲೆ ಬೆಳ್ಳಿ ರೇಕು, ಅದರ ಮೇಲೊಂದು ಗುಲಾಬಿ ಎಸಳು ಎಂದರೆ ಮನುಷ್ಯ ತಿನ್ನುವುದು ಯಾವುದನ್ನು? ಮೈಸೂರಿನವನಾಗಿ ಅರಮನೆಯ ವಿಷಯದಲ್ಲಿ ಹೀಗೆಲ್ಲ ಮಾತನಾಡಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೆ ನಮ್ಮದು ಭಾನುವಾರ ಸಂಜೆ ದೀಪ ನೋಡಿ, ಕಡಲೆಕಾಯಿ ತಿಂದು ಮನೆಗೆ ಬರುವ ಅರಮನೆ. ಯುರೋಪಿನ ಕೌಂಟ್ ಒಬ್ಬನ ಅರಮನೆಯ ಹಾಲನ್ನು ಒಮಾನಿನ ಸುವೈಕ್‌ನಲ್ಲಿ, ಸಮುದ್ರದ ಉಪ್ಪುಗಾಳಿಯಲ್ಲಿ, ನಾನೇ ನಿಂತು ಕಟ್ಟಿಸುವುದು ಬೇರೆ ಮಾತು. ಕಟ್ಟಿಸಿದೆ. ಅದನ್ನೇ ಹೇಳಲು ಹೊರಟಿದ್ದೇನೆ.

ನಾನು ರಾಜಗೋಪಾಲ. ಮಸ್ಕತ್‌ನ ವಾದಿ ಕಬೀರ್‌ನಲ್ಲಿರುವ ಒಂದು ಇಂಟೀರಿಯರ್ ವರ್ಕ್‌ಶಾಪಿನಲ್ಲಿ ಎಂಜಿನಿಯರ್. ನಮ್ಮ ಎಡಕ್ಕೆ ಗ್ಯಾರೇಜು, ಬಲಕ್ಕೆ ಗ್ಯಾರೇಜು. ಅವರೆಲ್ಲ ಗ್ರೀಸಿನಲ್ಲಿ ಕಪ್ಪಾಗಿದ್ದರೆ ನಾವು ಜಿಪ್ಸಂ ಪುಡಿಯಲ್ಲಿ ಬೆಳ್ಳಗಾಗಿ ಚಹಾದ ಅಂಗಡಿಯಲ್ಲಿ ಸೇರುತ್ತೇವೆ. ನಮ್ಮ ಅಚ್ಚಿನ ಮೇಸ್ತ್ರಿ ಪಿಯುಸ್, ಉಡುಪಿ ಕಡೆಯ ಶಿರ್ವದವರು. ಅವರ ತಂದೆ ಇಗರ್ಜಿಗಳಿಗೆ, ಅಂದರೆ ಚರ್ಚುಗಳಿಗೆ, ಆಲ್ತಾರ್ ಮಾಡಿಕೊಡುತ್ತಿದ್ದರಂತೆ. ಆಲ್ತಾರ್ ಎಂದರೆ ಪಾದ್ರಿಗಳು ಬಲಿಪೂಜೆ ಅರ್ಪಿಸುವ ಪೀಠ ಮತ್ತು ಅದರ ಹಿಂದೆ ಏಳುವ ಕೆತ್ತನೆಯ ಗೋಡೆ. ಪಿಯುಸ್ ಚಿಕ್ಕವರಿದ್ದಾಗ ಅಪ್ಪನ ಜೊತೆ ಕೂತು ಎಲೆ, ಬಳ್ಳಿ, ದ್ರಾಕ್ಷಿ ಗೊಂಚಲು ಮಾಡುವುದನ್ನು ಕಲಿತರು. ಆಮೇಲೆ ಒಮಾನಿಗೆ ಬಂದರು. ಇಲ್ಲಿ ಯಾರಿಗೂ ಬಳ್ಳಿ ಬೇಡ, ಎಲೆ ಬೇಡ. ಫ್ಲ್ಯಾಟುಗಳಿಗೂ ಮೊಬೈಲ್ ಅಂಗಡಿಗಳಿಗೂ ನೆಟ್ಟಗಿನ ಫಾಲ್ಸ್ ಸೀಲಿಂಗ್ ಬೇಕು. ತಮ್ಮ ಇಡೀ ಸರ್ವಿಸಿನ ಬಗ್ಗೆ ಕೇಳಿದರೆ, ಮೇಲೆ ಬಿಳಿ ಬಿಸ್ಕೆಟ್ ಅಂಟಿಸಿದೆ ಎನ್ನುತ್ತಿದ್ದರು.

ಅವರು ಇನ್ನು ಸಾಕೆಂದು ಊರಿಗೆ ಹೊರಟಿದ್ದರು. ಹೊರಡುವ ಮೊದಲು ಒಂದೇ ಒಂದು ಕೆಲಸ, ತನ್ನ ಕೈಯದು ಎಂದು ಹೇಳಿಕೊಳ್ಳುವಂಥದ್ದು, ಈ ದೇಶದಲ್ಲಿ ಉಳಿದರೆ ಸಾಕು ಎಂಬ ಆಸೆ ಇತ್ತು. ಬಾಯಿಬಿಟ್ಟು ಹೇಳುವವರಲ್ಲ. ಆದರೆ ಕೆಡವಿಹಾಕಿದ ಹಳೆಯ ಸೀಲಿಂಗಿನ ಚೂರುಗಳನ್ನು ಲಾರಿಗೆ ತುಂಬುವಾಗ ಅವರು ಆ ಕಡೆ ನೋಡುತ್ತಲೇ ಇರಲಿಲ್ಲ, ಅದು ನನಗೆ ಗೊತ್ತಿತ್ತು.

ಆಗಲೇ ಖಮೀಸ್ ಬಂದರು. ಸುವೈಕ್‌ನ ಈ ದೊಡ್ಡ ಮನುಷ್ಯ ಕಾರಿನ ಬಿಡಿಭಾಗಗಳ ವ್ಯಾಪಾರಿ. ನಮ್ಮ ಬೀದಿಯ ಗ್ಯಾರೇಜುಗಳಿಗೆಲ್ಲ ಅವರದೇ ಸೈಲೆನ್ಸರ್, ಅವರದೇ ಕ್ಲಚ್ ಪ್ಲೇಟು. ನಮ್ಮ ಜೊತೆ ಹಿಂದಿಯಲ್ಲೇ ಮಾತು. ತಾಯಿ ಮೋಝಾ ಅವರ ಮೊಣಕಾಲು ನೋವಿಗೆಂದು ಚೆಕ್ ದೇಶದ ಬಿಸಿನೀರಿನ ಬುಗ್ಗೆಗಳ ಒಂದು ಊರಿಗೆ ಕರೆದುಕೊಂಡು ಹೋಗಿದ್ದರಂತೆ. ನೋವು ಹೋಗಲಿಲ್ಲ. ಆದರೆ ಅಲ್ಲಿನ ಕೌಂಟನ ಅರಮನೆ ನೋಡಲು ಹೋದಾಗ ಆ ತಾಯಿ ಗಾಲಿಕುರ್ಚಿಯಲ್ಲಿ ತಲೆ ಎತ್ತಿ ಕೂತವರು ಬಾಗಿಲು ಹಾಕುವ ಹೊತ್ತಿನವರೆಗೆ ಕದಲಲಿಲ್ಲ. ಇಷ್ಟು ಹೊತ್ತು ಕಾಲು ನೋವಿದೆ ಎನ್ನುವುದೇ ಮರೆತಿತ್ತು ಎಂದರಂತೆ. ಮಗನಿಗೆ ಅಷ್ಟು ಸಾಕಾಯಿತು. ಮನೆಯ ಮಜ್ಲಿಸ್, ಅಂದರೆ ಬಂದವರೆಲ್ಲ ನೆಲದ ಮೇಲೆ ಒರಗುದಿಂಬಿಗೆ ಆತು ಕೂತು ಕಾಫಿ ಕುಡಿಯುವ ಹಜಾರ, ಹಾಗೆಯೇ ಆಗಬೇಕು ಎಂದು ಹಟ ಹಿಡಿದರು.

ಗೈಡು ಹೇಳಿದ್ದನ್ನೆಲ್ಲ ಅವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬಂದಿದ್ದರು. ನಾನೂ ಪಿಯುಸ್ ಅವರೂ ಕೂತು ನೋಡಿದೆವು. ಆ ಕೌಂಟನ ಅಜ್ಜ ಚಕ್ರವರ್ತಿಯ ಸೈನ್ಯಕ್ಕೆ ಕುದುರೆ ಲಾಳ ಒದಗಿಸುತ್ತಿದ್ದವನು. ಯುದ್ಧ ಮುಗಿದ ಮೇಲೆ ಪದವಿ ಸಿಕ್ಕಿತು. ಹಳೆಯ ಮನೆತನದವರು ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ, ಆದ್ದರಿಂದ ಮೊಮ್ಮಗ ಅವರೆಲ್ಲರ ಮನೆಗಿಂತ ಎತ್ತರದ ಮನೆ ಕಟ್ಟಿದ. ವಿಡಿಯೋದಲ್ಲಿ ಈ ಭಾಗ ಬಂದಾಗ ಪಕ್ಕದಲ್ಲಿದ್ದ ಖಮೀಸ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ಸ್ಪೇರ್ ಪಾರ್ಟ್ಸ್‌ನವನೇ ಅಲ್ಲವಾ ಎಂದರು.

ಗಾರೆಯ ಕೆಲಸಕ್ಕೆ ಇಟಲಿಯ ಸರೋವರಗಳ ಕಡೆಯ ಮೇಸ್ತ್ರಿಗಳು ಬರುತ್ತಿದ್ದರಂತೆ. ವಸಂತದಲ್ಲಿ ಬೆಟ್ಟ ದಾಟಿ ನಡೆದು ಬಂದು, ಹಿಮ ಬೀಳುವ ಮೊದಲು ಊರಿಗೆ ವಾಪಸು. ಅಮೃತಶಿಲೆಯಂತೆ ಕಾಣುವ ಕಂಬಗಳು ಅಮೃತಶಿಲೆಯಲ್ಲ, ಬಣ್ಣ ಕಲಸಿ ಉಜ್ಜಿದ ಜಿಪ್ಸಂ. ಮೇಲಿನ ಗುಮ್ಮಟ ಗುಮ್ಮಟವಲ್ಲ, ಸಪಾಟು ಚಾವಣಿಯ ಮೇಲಿನ ಚಿತ್ರ. ಇಷ್ಟೊಂದು ಸುಳ್ಳನ್ನು ಇಷ್ಟು ಶ್ರದ್ಧೆಯಿಂದ ಹೇಳಿದ ಕಟ್ಟಡವನ್ನು ನಾನು ನೋಡಿರಲಿಲ್ಲ. ಅದೇ ಮೇಸ್ತ್ರಿಗಳೇ ಅದೇ ಊರಿನ ಚರ್ಚನ್ನೂ ಕಟ್ಟಿದರು, ಅಲ್ಲಿ ದೇವರ ಸುತ್ತ ಹಾಕಿದ ಸೂರ್ಯಕಿರಣಗಳನ್ನೇ ಇಲ್ಲಿ ಕೌಂಟನ ಲಾಂಛನದ ಸುತ್ತ ಹಾಕಿದರು ಎಂದೂ ಗೈಡು ಹೇಳಿದಳು. ಆ ಮಾತಿಗೆ ಕಿವಿ ಕೊಡಬೇಕಿತ್ತು. ನಾನು ಆ ಹೊತ್ತಿಗೆ ಚಾವಣಿಯಂಚಿನ ಕಾರ್ನಿಸಿನ ಅಳತೆ ಯೋಚಿಸುತ್ತಿದ್ದೆ.

ಖಮೀಸ್ ಎರಡು ಷರತ್ತು ಹಾಕಿದರು. ಒಂದು, ಮುಖ ಬೇಡ. ಆ ಹಾಲಿನ ತುಂಬ ರೆಕ್ಕೆಯ ಮಕ್ಕಳು, ಗಡ್ಡದ ಗಾಳಿದೇವರು. ಮುಸಲ್ಮಾನರ ಮನೆಯಲ್ಲಿ ಮೂರ್ತಿ ಇರುವಂತಿಲ್ಲ. ಅದನ್ನು ಪಿಯುಸ್ ಸಲೀಸಾಗಿ ಒಪ್ಪಿದರು. ಮಕ್ಕಳಿದ್ದ ಕಡೆ ಖರ್ಜೂರದ ಗೊನೆ, ಗಾಳಿದೇವರಿದ್ದ ಕಡೆ ಸುವೈಕ್‌ನ ತೋಟಗಳ ನಿಂಬೆಹಣ್ಣು. ಎರಡನೆಯದು, ಅಗ್ಗಿಷ್ಟಿಕೆ ಬೇಡ. ಕೌಂಟನ ಹಾಲಿನ ಮುಖ್ಯ ಗೋಡೆಯಲ್ಲಿ ಬೆಂಕಿ ಕಾಯಿಸುವ ದೊಡ್ಡ ಗೂಡು, ಅದರ ಮೇಲೆ ಕನ್ನಡಿ, ಕನ್ನಡಿಯ ಮೇಲೆ ಲಾಂಛನ. ಸುವೈಕ್‌ನಲ್ಲಿ ಬೆಂಕಿ ಕಾಯಿಸುವವರು ಯಾರು? ಲಾಂಛನವೂ ಅವರಿಗಿರಲಿಲ್ಲ. ಆ ಗೋಡೆಯನ್ನು ನಿಮಗೆ ಸರಿ ಕಂಡಂತೆ ತುಂಬಿಸಿ ಎಂದು ಪಿಯುಸ್ ಅವರಿಗೇ ಬಿಟ್ಟುಬಿಟ್ಟರು.

ಪಿಯುಸ್ ತುಂಬಿಸಿದರು. ವರ್ಕ್‌ಶಾಪಿನಲ್ಲಿ ಅವರು ಶಿಳ್ಳೆ ಹಾಕುವುದನ್ನು ನಾನು ಕೇಳಿದ್ದು ಆಗಲೇ. ಮೊದಲು ಜೇಡಿಯಲ್ಲಿ ಕೈಯಾರೆ ಮಾಡಿ, ಅದಕ್ಕೆ ರಬ್ಬರ್ ಅಚ್ಚು ತೆಗೆದು, ತೆಂಗಿನ ನಾರು ಸೇರಿಸಿದ ಜಿಪ್ಸಂ ಎರೆದು, ತುಂಡು ತುಂಡಾಗಿ ಸುವೈಕ್‌ಗೆ ಸಾಗಿಸಿದರು. ಕೆಳಗೆ ಮೇಜಿನಷ್ಟು ಎತ್ತರದ ಒಂದು ಕಟ್ಟೆ, ಅದರ ಮೇಲೊಂದು ಕಮಾನಿನ ಗೂಡು, ಎರಡೂ ಬದಿಗೆ ತಿರುಚಿದ ಕಂಬಗಳು, ತುದಿಯಲ್ಲಿ ಕಿರಣ ಹರಡಿದ ಸೂರ್ಯ. ಚಿನ್ನದ ರೇಕು ಹಚ್ಚಲು ಮಂಗಳೂರಿನ ಹೆರಾಲ್ಡ್ ಬಂದ. ಎಡಬಲ ಸಮ ಇದೆಯೇ, ಭಾರ ತಡೆಯುತ್ತದೆಯೇ ಎಂದಷ್ಟೇ ನಾನು ನೋಡಿ ಸಹಿ ಹಾಕಿದೆ. ಬರೋಕ್ ಕಂಡರಾಗದ ನನಗೂ ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತಿತ್ತು ಎಂಬುದು ನಿಜ.

ಕೆಲಸ ಮುಗಿಯುತ್ತ ಬಂದ ಒಂದು ಶುಕ್ರವಾರ ಪಿಯುಸ್ ಅವರ ಹೆಂಡತಿ ಇಸಾಬೆಲ್ಲಾ ಮಸ್ಕತ್‌ನ ರುವಿಯ ಇಗರ್ಜಿಯಲ್ಲಿ, ಇಲ್ಲಿ ಶುಕ್ರವಾರವೇ ನಡೆಯುವ ವಾರದ ಪೂಜೆ ಮುಗಿಸಿ, ಯಾರದೋ ಕಾರಿನಲ್ಲಿ ಸುವೈಕ್‌ಗೆ ಬಂದರು. ಗಂಡನ ಕೆಲಸ ನೋಡಬೇಕೆಂಬ ಆಸೆ. ಕೈಯಲ್ಲಿ ನಮಗೆಲ್ಲ ಊಟ, ಸಾನ್ನಾ ಎಂಬ ಅಕ್ಕಿಯ ಇಡ್ಲಿ ಮತ್ತು ಕೋಳಿ ಸಾರು. ಮಂಡಿನೋವಿನ ಹೆಂಗಸು, ಮೆಲ್ಲಗೆ ಬಾಗಿಲು ದಾಟಿದರು. ತಲೆ ಎತ್ತಿ ನೋಡಿದರು. ಟಿಫಿನ್ ಕ್ಯಾರಿಯರನ್ನು ನೆಲಕ್ಕಿಟ್ಟರು. ಆಮೇಲೆ ಬಲ ಮೊಣಕಾಲನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ, ಹಣೆ, ಎದೆ, ಎರಡೂ ಭುಜ ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡಿದರು.

ಅವರಿಗೇ ಗೊತ್ತಾಗದೆ ನಡೆದದ್ದು ಅದು. ಎದ್ದ ಮೇಲೆ ನಮ್ಮ ಮುಖ ನೋಡಿ ಗಾಬರಿಯಾದರು. ಮತ್ತೆ ಗೋಡೆ ನೋಡಿದರು.

"ಪಿಯುಸ್, ನೀವು ಎಂತ ಮಾಡಿದ್ದು ಇದು? ಇದು ಆಲ್ತಾರ್ ಅಲ್ವಾ?"

ಪಿಯುಸ್ ಮೊದಲು ನಕ್ಕರು. ಈಗಷ್ಟೇ ಪೂಜೆಯಿಂದ ಬಂದದ್ದಕ್ಕೆ ಕಾಲಿಗೆ ಅಭ್ಯಾಸಬಲ ಎಂದರು. ಆಮೇಲೆ ಹಿಂದೆ ಹಿಂದೆ ನಡೆದು ಬಾಗಿಲವರೆಗೆ ಹೋಗಿ, ಹೊಸಬರಂತೆ ಅಲ್ಲಿಂದ ನೋಡಿದರು. ಅವರ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಅಟ್ಟಣಿಗೆಯ ಮೇಲಿಂದ ಹೆರಾಲ್ಡ್, ತನಗೆ ಮೊದಲ ದಿನದಿಂದಲೂ ಹಾಗೇ ಅನಿಸುತ್ತಿತ್ತೆಂದೂ, ಅದಕ್ಕೇ ಇಲ್ಲಿ ಸಿಗರೇಟು ಸೇದದೆ ಹೊರಗೆ ಹೋಗುತ್ತಿದ್ದೆನೆಂದೂ ಹೇಳಿದ. ಅವನು ಕೆಲಸ ಮಾಡುವಾಗ ಟೋಪಿ ತೆಗೆದು ಪಕ್ಕಕ್ಕಿಡುತ್ತಿದ್ದುದು ನನಗೂ ಆಗ ನೆನಪಾಯಿತು. ಸೆಖೆಗೆ ಎಂದುಕೊಂಡಿದ್ದೆ.

ಹೀಗೆ, ಮುಖಗಳನ್ನು ತೆಗೆದೆವು, ಅಗ್ಗಿಷ್ಟಿಕೆ ತೆಗೆದೆವು, ಲಾಂಛನ ತೆಗೆದೆವು, ಉಳಿದ ಖಾಲಿ ಜಾಗದಲ್ಲಿ ಪಿಯುಸ್ ಅವರ ಕೈ ತನಗೆ ಗೊತ್ತಿದ್ದದ್ದನ್ನು ಮಾಡಿ ಮುಗಿಸಿತ್ತು. ನನ್ನ ಬಾಯಿ ಸುಮ್ಮನಿರುವುದಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ಎಂದುಬಿಟ್ಟೆ. ಯಾರೂ ನಗಲಿಲ್ಲ.

ಊಟ ಆರಿಹೋಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ ನಮ್ಮ ಮಾತು ನಡೆಯಿತು. ಗೂಡಿನಲ್ಲಿ ಒಂದು ದೊಡ್ಡ ಟಿ.ವಿ. ಕೂರಿಸಿಬಿಡೋಣ, ಯಾವ ದೇವರೂ ಬರುವುದಿಲ್ಲ ಎಂದು ನಾನು. ಅದಕ್ಕಿಂತ ಸುತ್ತಿಗೆ ಕೊಡಿ, ನಾನೇ ಒಡೆಯುತ್ತೇನೆ ಎಂದು ಪಿಯುಸ್. ಯಾರಿಗೂ ಗೊತ್ತಾಗದಿದ್ದರೆ ಸುಮ್ಮನಿರೋಣ ಎಂದು ಹೆರಾಲ್ಡ್. ಇಸಾಬೆಲ್ಲಾ ಮಾತ್ರ ಸುಮ್ಮನಿರಲು ಒಪ್ಪಲಿಲ್ಲ. ಮನೆಯ ಯಜಮಾನನಿಗೆ ತಿಳಿಯದಂತೆ ಅವನ ಮನೆಯಲ್ಲಿ ನಮ್ಮ ಆಲ್ತಾರ್ ಇಡುವುದು ಅವನಿಗೂ ಮೋಸ, ದೇವರಿಗೂ ಮೋಸ, ಹೇಳಲೇಬೇಕು ಎಂದರು.

"ಹೇಳಿದ್ರೆ ಒಡೆಸ್ತಾರೆ," ಎಂದರು ಪಿಯುಸ್. ಅಷ್ಟೇ. ಎದ್ದು ಹೊರಗೆ ಹೋಗಿ ಲಾರಿಯ ಪಕ್ಕ ನಿಂತುಕೊಂಡರು.

ಒಡೆಯುವುದು ಎಷ್ಟರ ಕೆಲಸ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನಗೆ ನಿಜಕ್ಕೂ ಸಂಕಟವಾಯಿತು. ಆ ಗೋಡೆ ಹೋದರೆ ಪಿಯುಸ್ ಒಮಾನಿನಲ್ಲಿ ಬಿಟ್ಟುಹೋಗುವುದು ಬರೀ ಬಿಸ್ಕೆಟ್.

ಮುಂದಿನ ವಾರ ಖಮೀಸ್ ತಾಯಿಯನ್ನು ಕರೆದುಕೊಂಡು ಬಂದರು. ಮೋಝಾ ಪುಟ್ಟ ಆಕಾರದ ಮುದುಕಿ, ಕಣ್ಣು ಮಾತ್ರ ಚುರುಕು. ಮೊಮ್ಮಕ್ಕಳು ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದು ಹಾಲಿನ ನಡುವೆ ನಿಲ್ಲಿಸಿದರು. ಅವರು ಚಾವಣಿ ನೋಡಿದರು, ನಿಂಬೆಹಣ್ಣು ನೋಡಿ ನಕ್ಕರು, ಗೋಡೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯನ್ನು ಒಂದು ಸುತ್ತು ತಿರುಗಿಸಲು ಹೇಳಿ, ಉಳಿದ ಮೂರು ಗೋಡೆಗಳನ್ನೂ ನೋಡಿದರು. ಅಲ್ಲಿ ಬರೀ ಪಟ್ಟಿ, ಅಂಚು, ಇಷ್ಟೇ. ಮಗನಿಗೆ ಅರಬ್ಬಿಯಲ್ಲಿ ಏನೋ ಹೇಳಿದರು. ಖಮೀಸ್ ನಮಗೆ ಹಿಂದಿಯಲ್ಲಿ ಹೇಳಿದರು: ಈ ಗೋಡೆ ಮಾತ್ರ ನನ್ನ ಕಡೆ ನೋಡುತ್ತಿದೆ, ಉಳಿದವು ಬೆನ್ನು ತಿರುಗಿಸಿ ಕೂತಿವೆ, ಯಾಕೆ ಎಂದು ಅಮ್ಮ ಕೇಳುತ್ತಿದ್ದಾರೆ.

ನಾನು ಉತ್ತರಕ್ಕೆ ಬಾಯಿ ತೆರೆದೆ. ಸಿಮೆಟ್ರಿ, ಫೋಕಲ್ ಪಾಯಿಂಟ್ ಎಂದೆಲ್ಲ ಹೇಳುವವನಿದ್ದೆ. ಅಷ್ಟರಲ್ಲಿ ಪಿಯುಸ್ ಮುಂದೆ ಬಂದರು. ಅವರ ಹಿಂದಿ ಹರುಕುಮುರುಕು, ಆದರೂ ಎಲ್ಲವನ್ನೂ ಹೇಳಿದರು. ಅಪ್ಪ ಮಾಡುತ್ತಿದ್ದ ಕೆಲಸ, ತನ್ನ ಕೈಗೆ ಬಂದ ಅಭ್ಯಾಸ, ಹೆಂಡತಿಯ ಮೊಣಕಾಲು ಬಗ್ಗಿದ್ದು. ಇದು ಚರ್ಚಿನ ಗೋಡೆಯಾಗಿಬಿಟ್ಟಿದೆ ಸಾಬ್, ಬೇಕೆಂದು ಮಾಡಿದ್ದಲ್ಲ, ನಿಮಗೆ ಬೇಡವಾದರೆ ನಾನೇ ತೆಗೆದುಕೊಡುತ್ತೇನೆ ಎಂದರು.

ಖಮೀಸ್ ಗಡ್ಡ ಕೆರೆದುಕೊಳ್ಳುತ್ತ ನಿಂತರು. ಕೊನೆಗೆ ಅವರು ಪಿಯುಸ್ ಅವರ ಹೆಗಲ ಮೇಲೆ ಕೈ ಹಾಕಿ ನಗತೊಡಗಿದರು. ಅವರಿಗೂ ಈ ಗೂಡು ನೋಡಿದಾಗಿನಿಂದ ಕಸಿವಿಸಿ ಇತ್ತಂತೆ. ಮಸೀದಿಯಲ್ಲಿ ಮೆಕ್ಕಾದ ದಿಕ್ಕು ತೋರಿಸುವ ಗೂಡಿನ ಹಾಗೆ ಕಂಡು, ಹಿಂದಿನ ಸಲ ಬಂದಾಗ ಯಾರಿಗೂ ಕಾಣದಂತೆ ಮೊಬೈಲಿನಲ್ಲಿ ದಿಕ್ಕು ನೋಡಿದ್ದರಂತೆ. ದಿಕ್ಕು ತಪ್ಪಿತ್ತು. ಮೇಸ್ತ್ರಿಗೆ ಹೇಳಿದರೆ ಬೇಜಾರು ಮಾಡಿಕೊಂಡಾರು ಎಂದು ಸುಮ್ಮನಿದ್ದರಂತೆ.

ನಗುವಿನ ನಡುವೆಯೂ, ಒಡೆಯುವುದೋ ಬಿಡುವುದೋ ಎಂಬ ನಮ್ಮ ಪ್ರಶ್ನೆ ಹಾಗೇ ನಿಂತಿತ್ತು. ಖಮೀಸ್ ತಾಯಿಯ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ವಿವರಿಸಿದರು. ಮುದುಕಿ ಪಿಯುಸ್ ಅವರನ್ನೇ ನೋಡುತ್ತ ಕೇಳಿಸಿಕೊಂಡರು. ನಿಮ್ಮ ಚರ್ಚಿನಲ್ಲಿ ಆ ಗೂಡಿನ ಮುಂದೆ ಯಾರು ಕೂರುತ್ತಾರೆ ಎಂದು ಮಗನಿಂದ ಕೇಳಿಸಿದರು. ಯಾರೂ ಕೂರುವುದಿಲ್ಲ, ಅದು ದೇವರ ಜಾಗ ಎಂದರು ಪಿಯುಸ್. ಆ ಕೌಂಟನ ಮನೆಯಲ್ಲಿ ಯಾರು ಕೂರುತ್ತಿದ್ದರು ಎಂದು ಮಗನನ್ನು ಕೇಳಿದರು. ಕೌಂಟ್ ಒಬ್ಬನೇ, ಉಳಿದವರು ಅವನ ಎದುರು ನಿಲ್ಲುತ್ತಿದ್ದರು ಎಂದರು ಖಮೀಸ್.

ಮೋಝಾ ತಲೆ ಅಲ್ಲಾಡಿಸಿದರು. ಅವರು ಹೇಳಿದ್ದನ್ನು ಖಮೀಸ್ ಒಂದೊಂದೇ ಮಾತಾಗಿ ನಮಗೆ ದಾಟಿಸಿದರು.

"ನನ್ನ ಮಜ್ಲಿಸ್‌ನಲ್ಲಿ ಯಾರೂ ಯಾರ ಹಿಂದೆಯೂ ಕೂರುವುದಿಲ್ಲ. ಇವರ ಕೆಲಸ ಚಂದ ಇದೆ, ಒಡೆಯಬೇಡಿ. ಇಂಥದ್ದೇ ಇನ್ನು ಮೂರು ಮಾಡಿಸು. ನಾಲ್ಕೂ ಕಡೆ ಎದುರಾದರೆ ಹಿಂದೆ ಅನ್ನುವುದೇ ಇರುವುದಿಲ್ಲ."

ಎಂಜಿನಿಯರಿಂಗ್ ಓದಿದ ನನಗೆ ಇದು ಹೊಳೆದಿರಲಿಲ್ಲ. ಆದರೆ ಒಂದು ಸಣ್ಣ ಉಪಕಾರ ನಾನೂ ಮಾಡಿದೆ. ನಾಲ್ಕು ಗೋಡೆಗೆ ನಾಲ್ಕು ಸೂರ್ಯ ಎಂದರೆ ಸುವೈಕ್‌ನ ಬೇಸಿಗೆಗೆ ಅತಿಯಾಯಿತು. ಒಂದೇ ಸೂರ್ಯನನ್ನು ಚಾವಣಿಯ ನಡುವೆ, ತೂಗುದೀಪದ ಸುತ್ತ ಇಡೋಣ ಎಂದೆ. ಮೇಜಿನಂಥ ಕಟ್ಟೆಗಳನ್ನೂ ತೆಗೆದರೆ ದಿಂಬುಗಳಿಗೆ ಜಾಗವಾಗುತ್ತದೆ ಎಂದು ಪಿಯುಸ್ ತಾವೇ ಸೇರಿಸಿದರು. ಹಾಗೆ ಹೇಳುವಾಗ ಅವರ ಮುಖ ಮತ್ತೆ ಬೆಳ್ಳಗೆ ಹೊಳೆಯುತ್ತಿತ್ತು, ಜಿಪ್ಸಂ ಪುಡಿಯಿಂದಲ್ಲ, ಖುಷಿಯಿಂದ.

ಅಚ್ಚುಗಳು ಹೇಗೂ ಇದ್ದವು. ವಾದಿ ಕಬೀರ್‌ನಲ್ಲಿ ಮತ್ತೆ ಶಿಳ್ಳೆ ಶುರುವಾಯಿತು. ಪಿಯುಸ್ ಊರಿಗೆ ಹೋಗುವುದನ್ನು ಈಸ್ಟರಿನ ಆಚೆಗೆ ಹಾಕಿದರು. ಹೆರಾಲ್ಡ್‌ನ ಟೋಪಿ ಯಾವಾಗ ತಲೆಗೆ ಮರಳುತ್ತದೆ ಎಂದು ನಾನು ದಿನವೂ ಗಮನಿಸುತ್ತಿದ್ದೆ. ನಾಲ್ಕನೆಯ ಗೋಡೆ ಏರಿದ ಮೇಲೆ ಅವನು ಟೋಪಿ ಹಾಕಿಕೊಂಡೇ ರೇಕು ಹಚ್ಚಿದ, ಒಂದು ಹಳೆಯ ಹಾಡನ್ನೂ ಗುನುಗಿದ. ಅದು ಒಳ್ಳೆಯ ಲಕ್ಷಣವೇ, ಆದರೆ ಹೆರಾಲ್ಡ್‌ನ ಟೋಪಿ ಕೆಳಗಿನ ಕೋರ್ಟು. ಸುಪ್ರೀಂ ಕೋರ್ಟು ಇಸಾಬೆಲ್ಲಾ ಅವರ ಮೊಣಕಾಲು.

ಮಜ್ಲಿಸ್ ತೆರೆದ ದಿನ ಮೋಝಾ ಅವರೇ ಮೇಸ್ತ್ರಿಯ ಹೆಂಡತಿ ಬರಬೇಕೆಂದು ಹೇಳಿ ಕಳಿಸಿದ್ದರು. ಅದೂ ಶುಕ್ರವಾರವೇ. ಇಸಾಬೆಲ್ಲಾ ಈ ಸಲವೂ ಪೂಜೆ ಮುಗಿಸಿಯೇ ಬಂದರು, ಕೈಯಲ್ಲಿ ಈ ಸಲವೂ ಟಿಫಿನ್ ಕ್ಯಾರಿಯರ್. ಸಾನ್ನಾ ಮಾತ್ರ ತಂದಿದ್ದರು, ಸಿಹಿಯದು. ಒಳಗೆ ನೆಂಟರು, ಮಕ್ಕಳು, ಕಾಫಿಯ ಏಲಕ್ಕಿ ಪರಿಮಳ. ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ, ಎಲ್ಲರೂ ಗೋಡೆಯುದ್ದಕ್ಕೂ ಕೂತಿದ್ದರು. ನಾಲ್ಕೂ ಗೋಡೆಗಳಲ್ಲಿ ತಿರುಚಿದ ಕಂಬಗಳು, ಖರ್ಜೂರದ ಗೊನೆಗಳು, ಮೇಲೆ ಎಲ್ಲರಿಗೂ ಸೇರಿದ ಒಬ್ಬನೇ ಸೂರ್ಯ. ನನಗೆ ಈಗಲೂ ಬರೋಕ್ ಎಂದರೆ ಆಗುವುದಿಲ್ಲ. ಆದರೆ ಆ ಹಜಾರದಲ್ಲಿ ಅದು ಮನೆಯವರಂತೆ ಇತ್ತು.

ನಾನು, ಹೆರಾಲ್ಡ್, ಪಿಯುಸ್, ಮೂವರೂ ಬಾಗಿಲ ಪಕ್ಕ ನಿಂತು ಇಸಾಬೆಲ್ಲಾ ಅವರ ಕಾಲನ್ನೇ ನೋಡುತ್ತಿದ್ದೆವು. ಇಸಾಬೆಲ್ಲಾ ಹೊಸ್ತಿಲು ದಾಟಿದರು. ತಲೆ ಎತ್ತಿದರು. ಒಂದು ಗೋಡೆ ನೋಡಿದರು, ಇನ್ನೊಂದು ನೋಡಿದರು, ಕತ್ತು ತಿರುಗಿಸಿ ಉಳಿದೆರಡನ್ನೂ ನೋಡಿದರು. ಕೈ ಹಣೆಗೆ ಹೋಗಲಿಲ್ಲ. ಕಾಲು ನೆಟ್ಟಗೇ ಇತ್ತು. ಹೆರಾಲ್ಡ್ ನನ್ನ ಕೈ ಹಿಸುಕಿದ. ಪಿಯುಸ್ ದೊಡ್ಡದೊಂದು ಉಸಿರು ಬಿಟ್ಟರು. ಅದರಲ್ಲಿ ಸಮಾಧಾನದ ಜೊತೆ ಎಳ್ಳಷ್ಟು ಬೇಸರವೂ ಇತ್ತೆಂದು ನನಗನಿಸಿತು. ಅಪ್ಪನ ಕೆಲಸದ ಮುಂದೆ ಜನ ಮಂಡಿಯೂರುತ್ತಿದ್ದರಲ್ಲ.

ಅಷ್ಟರಲ್ಲಿ ಮೋಝಾ ಅವರ ಕಣ್ಣು ಇಸಾಬೆಲ್ಲಾ ಮೇಲೆ ಬಿತ್ತು. ಗಾಲಿಕುರ್ಚಿ ಮೂಲೆಯಲ್ಲಿ ಖಾಲಿ ನಿಂತಿತ್ತು. ಮುದುಕಿ ಅಂದು ಹಟ ಹಿಡಿದು ಎಲ್ಲರ ಜೊತೆ ನೆಲದ ಮೇಲೆಯೇ ಕೂತಿದ್ದರು. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದರು.

"ತಆಲಿ," ಎಂದರು, ಬಾ ಎಂದು. "ಬೈಠೋ."

ಇಸಾಬೆಲ್ಲಾ ತಮ್ಮ ಮಂಡಿ ಮುಟ್ಟಿ, ಆಗುವುದಿಲ್ಲ ಎಂದು ಸನ್ನೆ ಮಾಡಿದರು. ಮೋಝಾ ತಮ್ಮ ಮಂಡಿಯನ್ನೂ ಮುಟ್ಟಿ ತೋರಿಸಿ, ನನ್ನದೂ ಇಷ್ಟೇ ಎನ್ನುವಂತೆ ಮುಖ ಮಾಡಿದರು. ಇಬ್ಬರೂ ನಕ್ಕರು. ಇಸಾಬೆಲ್ಲಾ ಟಿಫಿನ್ ಕ್ಯಾರಿಯರನ್ನು ನೆಲಕ್ಕಿಟ್ಟು, ಆ ಮುದುಕಿಯ ಹೆಗಲು ಹಿಡಿದು, ಬಲ ಮೊಣಕಾಲನ್ನು ಮೆಲ್ಲಗೆ ಬಗ್ಗಿಸಿದರು. ಅದು ನೆಲ ಮುಟ್ಟಿತು. ಅವರು ಕೂತರು.

ಪಿಯುಸ್ ಬಹಳ ಹೊತ್ತು ಆ ಕಡೆಯೇ ನೋಡುತ್ತಿದ್ದರು. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ರಾಜಗೋಪಾಲ್ರೆ," ಎಂದರು, "ನಾನಿನ್ನು ಊರಿಗೆ ಹೋಗ್ಬಹುದು."